ಫ್ರಿಜ್ ಬಾಗಿಲಿನ ರಬ್ಬರು: ಚಿಲಕದಿಂದ ಅಯಸ್ಕಾಂತದವರೆಗೆ

ನಮ್ಮ ಮನೆಗಳಲ್ಲಿ ಇದನ್ನು ಯಾರೂ 'ಸೀಲ್' ಅಂತ ಕರೆಯೋದಿಲ್ಲ. 'ಗ್ಯಾಸ್ಕೆಟ್' ಅನ್ನೋದು ಮೆಕ್ಯಾನಿಕ್‌ಗಳ ಮಾತು. ಅಮ್ಮಂದಿರ, ಅಜ್ಜಿಯರ ಬಾಯಲ್ಲಿ ಅದು 'ಫ್ರಿಜ್ ಬಾಗಿಲಿನ ರಬ್ಬರು'. "ರಬ್ಬರು ಹೋಗಿದೆ, ಬಾಗಿಲು ಸರಿಯಾಗಿ ಕೂರ್ತಾ ಇಲ್ಲ" ಅಂದರೆ ಕರ್ನಾಟಕದ ಯಾವ ಊರಿನ ಫ್ರಿಜ್ ರಿಪೇರಿಯವರಿಗೂ ಅರ್ಥವಾಗುತ್ತದೆ. ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ಇರುವ ಕನ್ನಡದ ಮನೆಗಳಲ್ಲೂ ಇದೇ ಮಾತು ಕೇಳಿಸುತ್ತದೆ. ಆದರೆ ಇಲ್ಲಿ ಹಾಗೆ ಹೇಳಿದ ಮೇಲೆ ಏನು ಮಾಡಬೇಕು ಅನ್ನೋದೇ ಪ್ರಶ್ನೆ. ಸಂಜೆ ಬ್ಯಾಗು ಹಿಡಿದು ಮನೆಗೇ ಬಂದುಬಿಡುವ ಮೆಕ್ಯಾನಿಕ್ ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಆತ ಬಂದು ನೋಡುವ ಖರ್ಚೇ ರಬ್ಬರಿನ ಬೆಲೆಯನ್ನು ಮೀರಬಹುದು. ಹಾಗಾಗಿ ಬಹಳ ಜನ ಫ್ರಿಜ್ಜನ್ನೇ ಬದಲಾಯಿಸುತ್ತಾರೆ.

ಆ ರಬ್ಬರನ್ನು ನಾವೇ ಬದಲಾಯಿಸಬಹುದು. ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಅದು ಹೇಗೆ ಅಂತ ತಿಳಿಯುವ ಮೊದಲು ಆ ರಬ್ಬರು ಎಲ್ಲಿಂದ ಬಂತು ಅಂತ ನೋಡಬೇಕು. ಅದರ ಹಿಂದಿರುವ ಚರಿತ್ರೆಯ ಒಂದು ಭಾಗ ತುಂಬಾ ದುಃಖದ್ದು.

ಗಾಳಿ ಆಡಬಾರದು

ತಣ್ಣಗಿಡುವುದಕ್ಕಿಂತ ಮೊದಲು ಮನುಷ್ಯರು ಕಲಿತದ್ದು ಮುಚ್ಚಿಡುವುದನ್ನು. ನಮ್ಮ ಉಪ್ಪಿನಕಾಯಿ ಭರಣಿಯನ್ನೇ ನೋಡಿ. ಮುಚ್ಚಳ ಹಾಕಿದರೆ ಸಾಲದು, ಬಾಯಿಗೆ ಬಿಳಿ ಬಟ್ಟೆ ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಬೇಕು. "ಗಾಳಿ ಆಡಬಾರದು" ಅಂತ ಅಜ್ಜಿ ಹೇಳುತ್ತಿದ್ದದ್ದು ಇದನ್ನೇ. ಪಿಂಗಾಣಿಗೂ ಮುಚ್ಚಳಕ್ಕೂ ನಡುವೆ ಇರುವ ಸಂದನ್ನು ಮೆತ್ತನೆಯ ವಸ್ತುವೊಂದು ತುಂಬಬೇಕು. ಎರಡು ಗಟ್ಟಿ ವಸ್ತುಗಳು ಎಷ್ಟೇ ನುಣುಪಾಗಿದ್ದರೂ ಒಂದಕ್ಕೊಂದು ಪೂರ್ತಿ ಅಂಟಿ ಕೂರುವುದಿಲ್ಲ. ಫ್ರಿಜ್ ರಬ್ಬರಿನ ಕೆಲಸವೂ ಆ ಬಟ್ಟೆಯ ಕೆಲಸವೇ.

ಉತ್ತರ ಕರ್ನಾಟಕದಲ್ಲಿ ಹಗೇವು ಅಂತ ಇತ್ತು. ಚಿಕ್ಕವರಿಗೆ ಈ ಪದ ಹೊಸದಿರಬಹುದು. ನೆಲದೊಳಗೆ ತೋಡಿದ ದೊಡ್ಡ ಗುಂಡಿಯಲ್ಲಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಒಳಗಿನ ಗಾಳಿಯಲ್ಲಿದ್ದ ಆಮ್ಲಜನಕವನ್ನು ಕಾಳೇ ನಿಧಾನವಾಗಿ ಬಳಸಿ ಮುಗಿಸುತ್ತಿತ್ತು. ಹುಳ ಬದುಕಲಾರದೆ ಸಾಯುತ್ತಿತ್ತು, ಜೋಳ ಉಳಿಯುತ್ತಿತ್ತು. ಆದರೆ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯಬಾರದು ಅನ್ನೋದು ಹಳ್ಳಿಯವರಿಗೆಲ್ಲ ಗೊತ್ತಿತ್ತು. ಗಾಳಿ ಆಡುವ ತನಕ ಕಾಯಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ಪ್ರಾಣವೇ ಹೋಗುತ್ತದೆ. ಚೆನ್ನಾಗಿ ಮುಚ್ಚಿದ ಜಾಗ ಆಹಾರಕ್ಕೆ ಒಳ್ಳೆಯದು, ಮನುಷ್ಯನಿಗೆ ಅಪಾಯ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐರ್ಲೆಂಡಿನ ಜನ ಇದೇ ಕೆಲಸವನ್ನು ಜೌಗು ನೆಲದಲ್ಲಿ ಮಾಡಿದರು. ಬೆಣ್ಣೆಯನ್ನು ಮರದ ಪಾತ್ರೆಯಲ್ಲೋ ತೊಗಟೆಯಲ್ಲೋ ಸುತ್ತಿ ಬಾಗ್‌ನ ಆಳದಲ್ಲಿ ಹೂಳುತ್ತಿದ್ದರು. ಅಲ್ಲಿ ತಂಪಿದೆ, ಹುಳಿ ನೀರಿದೆ, ಗಾಳಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗೆ ಹೂಳಿಟ್ಟ 'ಬಾಗ್ ಬಟರ್' ಉಂಡೆಗಳನ್ನು ಇಂದೂ ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅವುಗಳಲ್ಲಿ ಅತಿ ಹಳೆಯವು ಕಂಚಿನ ಯುಗದವು, ಅಂದರೆ ಮೂರು ಸಾವಿರ ವರ್ಷಕ್ಕೂ ಹಿಂದಿನವು. ನಮ್ಮ ಕಡೆ ಬೆಣ್ಣೆಯನ್ನು ನೆಲುವಿನಲ್ಲಿ ತೂಗುಹಾಕುತ್ತಿದ್ದರು, ಇವರು ಕೆಸರಿನಲ್ಲಿ ಹೂಳುತ್ತಿದ್ದರು.

ಲಿಸ್ಮೋರಿನವನು, ಬೆಲ್‌ಫಾಸ್ಟಿನವನು

ಗಾಳಿಯನ್ನು ತಡೆಯುವುದು ಎಷ್ಟು ಕಷ್ಟ ಅಂತ ಮೊದಲು ಅಳೆದು ನೋಡಿದವರಲ್ಲಿ ಒಬ್ಬ ಐರ್ಲೆಂಡಿನಲ್ಲೇ ಹುಟ್ಟಿದವನು. ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಕೋಟೆಯಲ್ಲಿ 1627ರಲ್ಲಿ ಹುಟ್ಟಿದ ರಾಬರ್ಟ್ ಬಾಯ್ಲ್. ಶಾಲೆಯಲ್ಲಿ 'ಬಾಯ್ಲ್ ನಿಯಮ' ಓದಿದ್ದೀರಲ್ಲ, ಅವನೇ. ಅವನಿಗಾಗಿ ರಾಬರ್ಟ್ ಹುಕ್ ಒಂದು ಗಾಳಿ ಪಂಪನ್ನು ಕಟ್ಟಿಕೊಟ್ಟ. ದೊಡ್ಡ ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಹೊರತೆಗೆಯುವ ಯಂತ್ರ ಅದು. ಆ ಪ್ರಯೋಗಗಳ ಪುಸ್ತಕ 1660ರಲ್ಲಿ ಬಂತು. ಅವರಿಗೆ ದೊಡ್ಡ ತಲೆನೋವಾಗಿದ್ದದ್ದು ಸೋರಿಕೆ. ಎಲ್ಲೋ ಒಂದು ಸಂದಿನಿಂದ ಗಾಳಿ ಮತ್ತೆ ಒಳಗೆ ನುಗ್ಗುತ್ತಿತ್ತು. ಕೀಲುಗಳಿಗೆ ಮುಲಾಮಿನಂಥ ಲೇಪ ಮೆತ್ತಿದರು, ಎಣ್ಣೆ ಸುರಿದರು. ಐದು ವರ್ಷದ ನಂತರ, 1665ರಲ್ಲಿ, ಬಾಯ್ಲ್ ಶೀತದ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ.

ನಿಮ್ಮ ಫ್ರಿಜ್ ಬಾಗಿಲಿನಲ್ಲೂ ಈ ಗಾಳಿಯ ಒತ್ತಡವನ್ನು ಕೈಯಾರೆ ತಿಳಿಯಬಹುದು. ಬಾಗಿಲು ತೆಗೆದು ಮುಚ್ಚಿ, ತಕ್ಷಣ ಮತ್ತೆ ತೆಗೆಯಲು ನೋಡಿ. ಯಾರೋ ಒಳಗಿಂದ ಹಿಡಿದುಕೊಂಡ ಹಾಗೆ ಬಿಗಿಯಾಗಿರುತ್ತದೆ, ಅಲ್ವಾ? ಒಳಗೆ ನುಗ್ಗಿದ ಬೆಚ್ಚನೆಯ ಗಾಳಿ ಥಟ್ಟನೆ ತಣಿದು, ಅದರ ಒತ್ತಡ ಇಳಿಯುತ್ತದೆ. ಹೊರಗಿನ ಗಾಳಿ ಬಾಗಿಲನ್ನು ಒಳಕ್ಕೆ ಒತ್ತುತ್ತದೆ. ಅರ್ಧ ಚದರ ಮೀಟರ್ ಬಾಗಿಲಿನ ಎರಡು ಬದಿಯ ನಡುವೆ ಒತ್ತಡದ ವ್ಯತ್ಯಾಸ ಬರೀ ಶೇಕಡಾ 1 ಆದರೂ ಅದು 50 ಕೆಜಿ ತೂಕ ಒತ್ತಿದ ಹಾಗೆ. ನಿಜದಲ್ಲಿ ವ್ಯತ್ಯಾಸ ಅಷ್ಟು ಹೊತ್ತು ನಿಲ್ಲುವುದಿಲ್ಲ. ನೀರು ಹರಿದುಹೋಗುವ ಸಣ್ಣ ತೂತಿನಿಂದ, ರಬ್ಬರಿನ ಅಂಚಿನಿಂದ ಗಾಳಿ ಒಳಗೆ ಬಂದು ಒಂದೆರಡು ನಿಮಿಷದಲ್ಲಿ ಸಮವಾಗುತ್ತದೆ. ಮುಚ್ಚಿದ ಕೂಡಲೇ ತೆಗೆದರೂ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತಿದ್ದರೆ, ರಬ್ಬರಿನ ಮೇಲೆ ಸ್ವಲ್ಪ ಅನುಮಾನ ಪಡಬಹುದು.

ಇನ್ನೊಬ್ಬ ವಿಲಿಯಂ ಥಾಮ್ಸನ್. 1824ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಗ್ಲಾಸ್ಗೋಗೆ ಹೋದವನು. ಮುಂದೆ ಲಾರ್ಡ್ ಕೆಲ್ವಿನ್ ಆದ. ಆ ಹೆಸರು ಗ್ಲಾಸ್ಗೋದ ಒಂದು ನದಿಯದು. ಉಷ್ಣತೆಗೆ ಒಂದು ಕಟ್ಟಕಡೆಯ ಕೆಳಮಿತಿ ಇದೆ ಎಂಬುದರ ಮೇಲೆ ಅವನು 1848ರಲ್ಲಿ ಹೊಸ ಅಳತೆಯನ್ನು ಕಟ್ಟಿದ. ಅದು ನಮ್ಮ ಮನೆಗಳಿಗೆ ಸಂಬಂಧಿಸಿದ್ದು ಹೇಗೆ ಅಂತೀರಾ? 1910ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮನೆಬಳಕೆಯ ಫ್ರಿಜ್ ತಯಾರಿಸಲು ಹೊರಟ ಕಂಪನಿಯೊಂದು ಅವನ ಗೌರವಾರ್ಥ 'ಕೆಲ್ವಿನೇಟರ್' ಎಂದು ಹೆಸರಿಟ್ಟುಕೊಂಡಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳ ಹಾಲ್‌ನಲ್ಲಿ, ಹೌದು, ಅಡುಗೆಮನೆಯಲ್ಲಲ್ಲ, ಬಂದವರಿಗೆ ಕಾಣುವ ಹಾಗೆ ಹಾಲ್‌ನಲ್ಲೇ, ನಿಂತಿದ್ದ ಫ್ರಿಜ್ಜಿನ ಮೇಲೆ ಇದ್ದದ್ದು ಬೆಲ್‌ಫಾಸ್ಟಿನಲ್ಲಿ ಹುಟ್ಟಿದವನ ಹೆಸರು. ಬೆಲ್‌ಫಾಸ್ಟ್‌ಗೆ ಹೋದರೆ ಅಲ್ಲಿನ ಬೊಟಾನಿಕ್ ಗಾರ್ಡನ್ಸ್‌ನಲ್ಲಿ ಅವನ ಪ್ರತಿಮೆ ಇದೆ, ನೋಡಿ ಬನ್ನಿ.

ಕರೆಂಟು ಬಂದ ಮೇಲೆ

ಫ್ರಿಜ್ ಬರಬೇಕಾದರೆ ಮೊದಲು ಕರೆಂಟು ಬರಬೇಕು. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಐರ್ಲೆಂಡಿಗಿಂತ ಹಿಂದೆ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಸ್ವತಂತ್ರ ಐರ್ಲೆಂಡಿನ ದೊಡ್ಡ ಜಲವಿದ್ಯುತ್ ಯೋಜನೆ, ಶ್ಯಾನನ್ ನದಿಯ ಆರ್ಡ್‌ನಕ್ರುಷಾ, ಉದ್ಘಾಟನೆಯಾದದ್ದು 1929ರಲ್ಲಿ. ಅದನ್ನು ನಡೆಸಲೆಂದೇ ಇಎಸ್‌ಬಿ ಸಂಸ್ಥೆ 1927ರಲ್ಲಿ ಹುಟ್ಟಿತ್ತು. ಈಗಲೂ ಇಲ್ಲಿ ನಮ್ಮ ಬಿಲ್ಲುಗಳಲ್ಲಿ ಆ ಹೆಸರು ಎಲ್ಲೋ ಒಂದು ಕಡೆ ಕಾಣಿಸುತ್ತದೆ.

ಆದರೆ ಪಟ್ಟಣಕ್ಕೆ ಬಂದ ಬೆಳಕು ಹಳ್ಳಿಗೆ ತಲುಪಲು ಎರಡೂ ಕಡೆ ದಶಕಗಳು ಬೇಕಾದವು. ಐರ್ಲೆಂಡಿನ ಗ್ರಾಮೀಣ ವಿದ್ಯುದೀಕರಣದ ಮೊದಲ ಕಂಬ ನೆಟ್ಟದ್ದು 1946ರ ನವೆಂಬರ್ 5ರಂದು, ಡಬ್ಲಿನ್ ಕೌಂಟಿಯ ಕಿಲ್‌ಸಲ್ಲಹಾನ್‌ನಲ್ಲಿ. 1947ರ ಜನವರಿಯಲ್ಲಿ ಹತ್ತಿರದ ಓಲ್ಡ್‌ಟೌನ್‌ನಲ್ಲಿ ಮೊದಲ ದೀಪ ಹೊತ್ತಿತು. ದೂರದ ಕೆಲವು ಕಣಿವೆಗಳಿಗೆ ಕರೆಂಟು ಮುಟ್ಟುವಷ್ಟರಲ್ಲಿ ಎಪ್ಪತ್ತರ ದಶಕ ಬಂದಿತ್ತು. ದೀಪ ಮೊದಲು, ಇಸ್ತ್ರಿಪೆಟ್ಟಿಗೆ, ಕೆಟಲ್ ಆಮೇಲೆ, ಫ್ರಿಜ್ ತೀರಾ ತಡವಾಗಿ. ಹಳ್ಳಿಯ ಹೆಂಗಸರಿಗೆ ಇದರಿಂದ ಏನು ಬದಲಾಯಿತು ಎನ್ನುವುದರ ಬಗ್ಗೆ ಮೇಯೊ ಕೌಂಟಿಯ ಟರ್ಲೊ ಪಾರ್ಕ್ ವಸ್ತುಸಂಗ್ರಹಾಲಯ 'ಕಿಚನ್ ಪವರ್' ಎಂಬ ಒಂದು ಪ್ರದರ್ಶನವನ್ನೇ ಏರ್ಪಡಿಸಿತ್ತು. ಭಾರತದಲ್ಲಿ ಗೋದ್ರೇಜ್ ಕಂಪನಿ ಫ್ರಿಜ್ ತಯಾರಿಸಲು ಶುರುಮಾಡಿದ್ದು 1958ರಲ್ಲಿ.

ಈ 1958 ಎಂಬ ವರ್ಷ ನಮ್ಮ ರಬ್ಬರಿನ ಕಥೆಯಲ್ಲೂ ಮುಖ್ಯ.

ಚಿಲಕ

ಹಳೆಯ ಫ್ರಿಜ್‌ಗಳ ಬಾಗಿಲಿಗೆ ಉಕ್ಕಿನ ಚಿಲಕ ಇತ್ತು. ಕಾರಿನ ಬಾಗಿಲಿನ ಹಾಗೆ ಹಿಡಿ ಎಳೆದರೆ ತೆರೆಯುತ್ತಿತ್ತು, ತಳ್ಳಿದರೆ 'ಟಕ್' ಎಂದು ಬಿಗಿಯಾಗುತ್ತಿತ್ತು. ಆಗಿನ ರಬ್ಬರು ಗಟ್ಟಿಯಾಗಿದ್ದದ್ದರಿಂದ ಅದನ್ನು ಒತ್ತಿ ಹಿಡಿಯಲು ಅಷ್ಟು ಬಲವಾದ ಚಿಲಕವೇ ಬೇಕಿತ್ತು. ಹೊರಗಿಂದ ಅದು ಒಳ್ಳೆಯ ವ್ಯವಸ್ಥೆ. ಆದರೆ ಒಳಗಿಂದ ತೆಗೆಯಲು ದಾರಿಯೇ ಇರಲಿಲ್ಲ.

ಒಳಗಿಂದ ಯಾರು ತೆಗೆಯುತ್ತಾರೆ? ಮಕ್ಕಳು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಜನ ಹಳೆಯ ಫ್ರಿಜ್‌ಗಳನ್ನು ಹಿತ್ತಲಲ್ಲಿ, ಗ್ಯಾರೇಜಿನಲ್ಲಿ, ಖಾಲಿ ಸೈಟುಗಳಲ್ಲಿ ಬಿಟ್ಟುಬಿಡುತ್ತಿದ್ದರು. ಕಣ್ಣಾಮುಚ್ಚಾಲೆ ಆಡುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಯಾವುದು? ಒಳಗೆ ಕೂತು ಬಾಗಿಲು ಎಳೆದುಕೊಂಡರೆ ಚಿಲಕ ಬೀಳುತ್ತಿತ್ತು. ರಬ್ಬರು ಗಾಳಿಯನ್ನೂ ಬಿಡುತ್ತಿರಲಿಲ್ಲ, ದಪ್ಪ ಗೋಡೆ ಕೂಗನ್ನೂ ಹೊರಗೆ ಕಳಿಸುತ್ತಿರಲಿಲ್ಲ. ಹಗೇವಿನ ಬಗ್ಗೆ ಹಳ್ಳಿಯವರು ಹೇಳುತ್ತಿದ್ದ ಎಚ್ಚರಿಕೆ ಇಲ್ಲಿ ನಿಜವಾಯಿತು. ಹೀಗೆ ಉಸಿರುಕಟ್ಟಿ ಸತ್ತ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರತೊಡಗಿತು.

1956ರ ಆಗಸ್ಟ್‌ನಲ್ಲಿ ಅಮೆರಿಕ 'ರೆಫ್ರಿಜರೇಟರ್ ಸೇಫ್ಟಿ ಆ್ಯಕ್ಟ್' ಎಂಬ ಚಿಕ್ಕ ಕಾನೂನನ್ನು ತಂದಿತು. ಮನೆಬಳಕೆಯ ಫ್ರಿಜ್ಜಿನ ಬಾಗಿಲು ಒಳಗಿಂದ ಸುಲಭವಾಗಿ ತೆರೆಯುವಂತಿರಬೇಕು, ಇಷ್ಟೇ ಅದರ ಸಾರ. 'ಸುಲಭ' ಅಂದರೆ ಎಷ್ಟು? ಅದನ್ನು ಅಳೆಯಲು ಒಂದು ಅಧ್ಯಯನ ನಡೆಯಿತು. ಫ್ರಿಜ್ಜಿನಂತೆಯೇ ಇದ್ದ, ಆದರೆ ಸುರಕ್ಷಿತವಾದ ಪೆಟ್ಟಿಗೆಯಲ್ಲಿ 201 ಪುಟ್ಟ ಮಕ್ಕಳು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿದರು. ಮುಕ್ಕಾಲು ಪಾಲು ಮಕ್ಕಳು ತಾವೇ ಹೊರಬಂದೋ, ಹೊರಗಿನವರು ತೆಗೆದೋ ಮೂರು ನಿಮಿಷದೊಳಗೆ ಆಚೆ ಇದ್ದರು. ಫಲಿತಾಂಶ 1958ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಓದಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಆದರೂ ಎರಡು ವರ್ಷದ ಮಗು ಕತ್ತಲಲ್ಲಿ ಏನು ಮಾಡಬಲ್ಲದು ಎಂಬುದನ್ನು ಊಹೆಗೆ ಬಿಡದೆ ತಿಳಿದುಕೊಳ್ಳಲು ನೋಡಿದರು. ನಿಯಮ ಹೀಗಾಯಿತು: ಒಳಗಿಂದ ಬಾಗಿಲಿನ ಅಂಚನ್ನು 15 ಪೌಂಡ್, ಅಂದರೆ ಸುಮಾರು 6.8 ಕೆಜಿ ಬಲದಿಂದ ತಳ್ಳಿದರೆ ಅದು ತೆರೆದುಕೊಳ್ಳಬೇಕು. 1958ರ ಅಕ್ಟೋಬರ್ 30ರ ನಂತರ ತಯಾರಾಗುವ ಫ್ರಿಜ್‌ಗಳಿಗೆ ಇದು ಕಡ್ಡಾಯವಾಯಿತು.

ಉಕ್ಕಿನ ಚಿಲಕದ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು. ಈಗ ಪ್ರಶ್ನೆ: ಚಿಲಕ ಇಲ್ಲದೆ ಬಾಗಿಲು ಬಿಗಿಯಾಗಿ ನಿಲ್ಲುವುದು ಹೇಗೆ?

ರಬ್ಬರಲ್ಲದ ರಬ್ಬರು

ಉತ್ತರ ಎರಡು ಬೇರೆ ಬೇರೆ ದಾರಿಗಳಿಂದ ಬಂದು ಒಂದು ಪಟ್ಟಿಯಲ್ಲಿ ಸೇರಿಕೊಂಡಿತು.

ಮೊದಲ ದಾರಿ ಅಮೆರಿಕದ ಏಕ್ರನ್ ಊರಿನದು. ಬಿ.ಎಫ್. ಗುಡ್‌ರಿಚ್ ಎಂಬ ಟೈರ್ ಕಂಪನಿಯಲ್ಲಿದ್ದ ವಾಲ್ಡೊ ಸೀಮನ್ 1926ರಲ್ಲಿ ಲೋಹಕ್ಕೆ ರಬ್ಬರನ್ನು ಅಂಟಿಸುವ ಅಂಟು ಹುಡುಕುತ್ತಿದ್ದ. ಯಾರಿಗೂ ಬೇಡವಾಗಿದ್ದ ಪಿವಿಸಿ ಎಂಬ ಗಡಸು ಪ್ಲಾಸ್ಟಿಕ್ಕನ್ನು ಒಂದು ದ್ರವದಲ್ಲಿ ಕಾಯಿಸಿದಾಗ ಅಂಟೇನೂ ಸಿಗಲಿಲ್ಲ, ಜಗ್ಗಿದರೆ ಬಾಗುವ ಮೆತ್ತನೆಯ ವಸ್ತು ಸಿಕ್ಕಿತು. ನಾವು 'ರಬ್ಬರು' ಅಂತ ಕರೆಯುವ ಇಂದಿನ ಬಾಗಿಲಿನ ಪಟ್ಟಿ ಸಾಮಾನ್ಯವಾಗಿ ಇಂಥ ಮೆತ್ತನೆಯ ಪಿವಿಸಿ. ಮರದ ಹಾಲಿನಿಂದ ಬಂದ ರಬ್ಬರು ಅದರಲ್ಲಿಲ್ಲ.

ಎರಡನೇ ದಾರಿ ಟೋಕಿಯೊದ್ದು. 1930ರಲ್ಲಿ ಯೊಗೊರೊ ಕಾಟೊ ಮತ್ತು ತಾಕೇಶಿ ತಾಕೆಯಿ ಎಂಬ ಇಬ್ಬರು ಫೆರೈಟ್ ಎಂಬ ವಸ್ತುವನ್ನು ಕಂಡುಹಿಡಿದರು. ಇದೊಂಥರ ಪಿಂಗಾಣಿ, ಆದರೆ ಅಯಸ್ಕಾಂತದ ಗುಣ ಇರುವಂಥದ್ದು. ಮುಖ್ಯ ಸಾಮಗ್ರಿ ಕಬ್ಬಿಣದ ತುಕ್ಕಿನಂಥ ಆಕ್ಸೈಡ್. ಅದನ್ನು ಮಾರಾಟಕ್ಕೆ ತರಲೆಂದೇ 1935ರಲ್ಲಿ ಒಂದು ಕಂಪನಿ ಶುರುವಾಯಿತು. ಅದರ ಹೆಸರು ಟಿಡಿಕೆ. ನಿಮ್ಮ ಅಪ್ಪ ಅಮ್ಮ ರಾಜ್‌ಕುಮಾರ್ ಹಾಡುಗಳನ್ನು ತುಂಬಿಸಿಕೊಂಡ ಕ್ಯಾಸೆಟ್ಟಿನ ಮೇಲೆ ಈ ಹೆಸರು ಇದ್ದಿರಬಹುದು, ಕೇಳಿ ನೋಡಿ. 1950ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಕಂಪನಿಯವರು ಬೇರಿಯಂ ಸೇರಿಸಿ, ಅಗ್ಗವಾದ, ಸುಲಭವಾಗಿ ಬಲ ಕಳೆದುಕೊಳ್ಳದ ಫೆರೈಟ್ ಅಯಸ್ಕಾಂತ ಮಾಡಿದರು.

ಆ ಫೆರೈಟನ್ನು ಪುಡಿಮಾಡಿ ಮೆತ್ತನೆಯ ಪ್ಲಾಸ್ಟಿಕ್‌ನಲ್ಲಿ ಕಲಸಿದರೆ ಅಯಸ್ಕಾಂತದ ಪಟ್ಟಿ ಸಿದ್ಧ. ಚಕ್ಕುಲಿ ಒರಳಿನಿಂದ ಹಿಟ್ಟು ಒತ್ತಿದ ಹಾಗೆ ಉದ್ದಕ್ಕೆ ಒತ್ತಿ ತೆಗೆಯಬಹುದು, ಮೂಲೆಯಲ್ಲಿ ಬಾಗಿಸಬಹುದು. ಈ ಪಟ್ಟಿಯನ್ನು ಮೆತ್ತನೆಯ ಪಿವಿಸಿ ಕೊಳವೆಯೊಳಗೆ ತೂರಿಸಿ ಬಾಗಿಲಿನ ಸುತ್ತ ಕೂರಿಸಿದರು. ಪಟ್ಟಿ ಫ್ರಿಜ್ಜಿನ ಉಕ್ಕಿನ ಮೈಗೆ ತಾನಾಗಿ ಅಂಟಿಕೊಳ್ಳುತ್ತದೆ. ಕೊಳವೆಯಲ್ಲಿರುವ ಗಾಳಿಯ ಪೊಳ್ಳು, ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗಿ, ಬಾಗಿಲು ಸ್ವಲ್ಪ ಓರೆಯಾಗಿದ್ದರೂ ಸಂದು ತುಂಬುತ್ತದೆ. ಬಾಗಿಲನ್ನು ಹಿಡಿದುಕೊಳ್ಳುವಷ್ಟು ಬಲ ಅದಕ್ಕಿದೆ, ಮಗು ತಳ್ಳಿದರೆ ಬಿಟ್ಟುಕೊಡುವಷ್ಟು ಮೃದುತ್ವವೂ ಇದೆ.

ನಮ್ಮ ಭಾರತದ ಫ್ರಿಜ್‌ಗಳಲ್ಲಿ ಮಾತ್ರ ಬೀಗ ಬಹಳ ಕಾಲ ಉಳಿಯಿತು, ಈಗಲೂ ಕೆಲವು ಮಾದರಿಗಳಲ್ಲಿ ಇದೆ. ಅದು ತಾನಾಗಿ ಬೀಳುವ ಚಿಲಕವಲ್ಲ, ಕೀಲಿಕೈ ತಿರುಗಿಸಿದರೆ ಮಾತ್ರ ಬೀಳುತ್ತದೆ. ಅದರ ಭಯ ಮಕ್ಕಳ ಬಗ್ಗೆ ಅಲ್ಲ, ಮಕ್ಕಳು ಕದ್ದು ತಿನ್ನುವ ಐಸ್‌ಕ್ರೀಂ ಬಗ್ಗೆ.

ಯಾಕೆ ಹಾಳಾಗುತ್ತದೆ

ಪಿವಿಸಿಯನ್ನು ಮೆತ್ತಗೆ ಮಾಡಿದ ಆ ದ್ರವ ವರ್ಷಗಳು ಕಳೆದಂತೆ ನಿಧಾನವಾಗಿ ಹೊರಗೆ ಹೋಗುತ್ತದೆ. ಪಟ್ಟಿ ಬಿರುಸಾಗುತ್ತದೆ, ಮೂಲೆಯಲ್ಲಿ ಸೀಳುತ್ತದೆ. ತುಪ್ಪ, ಎಣ್ಣೆಯ ಜಿಡ್ಡು ಆ ದ್ರವವನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ. ಒಗ್ಗರಣೆ ಕೈಯಲ್ಲಿ ಫ್ರಿಜ್ ತೆಗೆಯುವ ನಮ್ಮ ಅಡುಗೆಮನೆಗಳಲ್ಲಿ ಇದು ಸಾಮಾನ್ಯ. ಐರ್ಲೆಂಡಿನ ತೇವ ಇನ್ನೊಂದು ಕಾರಣ. ರಬ್ಬರಿನ ಮಡಿಕೆಯಲ್ಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ.

ಸೋರುವ ರಬ್ಬರಿನಿಂದ ಬೆಚ್ಚನೆಯ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ. ಅದೇ ಫ್ರೀಜರಿನಲ್ಲಿ ದಪ್ಪ ಹಿಮವಾಗುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬಿಲ್ಲು ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾಲು, ಮಾಂಸ, ನಿನ್ನೆಯ ಅನ್ನ ಸುರಕ್ಷಿತವಾಗಿರಬೇಕಾದರೆ ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು ಅನ್ನೋದು ಇಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ರಬ್ಬರು ಹೋದರೆ ಆ ಮಿತಿ ಕೈತಪ್ಪುತ್ತದೆ.

ಮನೆಯಲ್ಲೇ ಬದಲಾಯಿಸುವುದು

ಮೊದಲು ಪರೀಕ್ಷೆ. ಒಂದು ಐದು ಯೂರೊ ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸ್ವಲ್ಪ ಹಿಡಿತ ಸಿಗಬೇಕು. ಜಾರಿ ಬಂದರೆ ಆ ಜಾಗದಲ್ಲಿ ಸೋರಿಕೆ ಇದೆ. ಸುತ್ತಲೂ ಹೀಗೇ ನೋಡಿ. ಮೇಲೆ ಸರಿಯಿದ್ದು ಕೆಳಗೆ ಮಾತ್ರ ಸಡಿಲವಾಗಿದ್ದರೆ, ರಬ್ಬರಿಗಿಂತ ಬಾಗಿಲಿನ ಕೀಲು ಜಗ್ಗಿರಬಹುದು, ಅಥವಾ ಫ್ರಿಜ್ ನೆಲದ ಮೇಲೆ ಸಮವಾಗಿ ನಿಂತಿಲ್ಲದಿರಬಹುದು. ಅದನ್ನು ಮೊದಲು ಸರಿಮಾಡಿ.

ಆಮೇಲೆ ತೊಳೆಯುವುದು. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಹಲ್ಲುಜ್ಜುವ ಬ್ರಷ್. ಎಷ್ಟೋ ಸಲ ಹೊಸ ರಬ್ಬರೇ ಬೇಕಾಗುವುದಿಲ್ಲ, ಜಿಡ್ಡು ಹೋದ ಮೇಲೆ ಹಳೆಯದೇ ಅಂಟಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಮಡಚಿಹೋಗಿದ್ದರೆ ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಕಾಯಿಸಿ, ಬೆರಳಿನಿಂದ ಹೊರಕ್ಕೆಳೆದು ಆಕಾರಕ್ಕೆ ತರಬಹುದು.

ಸೀಳಿದ್ದರೆ ಹೊಸದು ಬೇಕು. ಫ್ರಿಜ್ಜಿನ ಒಳಗೆ, ಹೆಚ್ಚಾಗಿ ತರಕಾರಿ ಡ್ರಾಯರಿನ ಹತ್ತಿರದ ಗೋಡೆಯಲ್ಲಿ, ಮಾದರಿ ಸಂಖ್ಯೆಯ ಚೀಟಿ ಇರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. 'ಸುಮಾರು ಇಷ್ಟೇ ಅಳತೆ' ಎಂದು ತಂದದ್ದು ಮೂಲೆಯಲ್ಲಿ ಕೂರುವುದಿಲ್ಲ.

ಇಂದಿನ ಫ್ರಿಜ್‌ಗಳಲ್ಲಿ ರಬ್ಬರಿನ ಹಿಂಬದಿಯಲ್ಲಿ ಬಾಣದ ತುದಿಯಂಥ ಏಣು ಇರುತ್ತದೆ, ಅದು ಬಾಗಿಲಿನ ಸುತ್ತ ಇರುವ ಸಂದಿನೊಳಗೆ ಒತ್ತಿ ಕೂತಿರುತ್ತದೆ. ಪ್ಲಗ್ ತೆಗೆದು, ಒಂದು ಮೂಲೆಯಿಂದ ಹಿಡಿದು ಎಳೆದರೆ ಹಳೆಯದು ಬಿಚ್ಚಿಕೊಂಡು ಬರುತ್ತದೆ. ಹಳೆಯ ಕಾಲದ ಫ್ರಿಜ್ ಆದರೆ ರಬ್ಬರನ್ನು ಎತ್ತಿದಾಗ ಕೆಳಗೆ ಸ್ಕ್ರೂಗಳು ಕಾಣುತ್ತವೆ. ಅವನ್ನು ಸಡಿಲ ಮಾಡಿ ಸಾಕು, ಎಲ್ಲವನ್ನೂ ತೆಗೆದರೆ ಬಾಗಿಲಿನ ಒಳಹಾಳೆ ಓರೆಯಾಗಿಬಿಡಬಹುದು.

ಹೊಸ ರಬ್ಬರು ಡಬ್ಬದಲ್ಲಿ ಮಡಚಿ ಬಂದಿರುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟು ಒರೆಸಿ, ಸಮತಲದ ಮೇಲೆ ಹರಡಿದರೆ ಮಡಿಕೆ ಬಿಡುತ್ತದೆ. ಮೊದಲು ನಾಲ್ಕು ಮೂಲೆ ಕೂರಿಸಿ, ಆಮೇಲೆ ಉದ್ದಕ್ಕೆ ಒತ್ತುತ್ತಾ ಬನ್ನಿ. ಅಂಟು ಬೇಡ. ಕೀಲಿನ ಬದಿಯಲ್ಲಿ ರಬ್ಬರು ತಿರುಚಿಕೊಳ್ಳುತ್ತಿದ್ದರೆ ಚೂರು ಟಾಲ್ಕಂ ಪೌಡರ್ ಸವರಿ. ಮರುದಿನ ಮತ್ತೆ ನೋಟಿನ ಪರೀಕ್ಷೆ ಮಾಡಿ, ಒಂದು ದಿನದಲ್ಲಿ ರಬ್ಬರು ತನ್ನ ಆಕಾರಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಇವೆಲ್ಲ ಬಾಗಿಲಿನ ಕೆಲಸ ಮಾತ್ರ. ಒಳಗಿನ ತಣ್ಣಗೆ ಮಾಡುವ ಕೊಳವೆಗಳಿಗೆ ಕೈಹಾಕಬೇಡಿ, ಹಿಮವನ್ನು ಚಾಕುವಿನಿಂದ ಕೆತ್ತಬೇಡಿ. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಆದ ಮೇಲೆ ಹಳೆಯ ಅನಿಲಗಳು ಹೋದವು. ಈಗಿನ ಯೂರೋಪಿನ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಐಸೊಬ್ಯುಟೇನ್. ಸ್ವಲ್ಪವೇ ಇರುತ್ತದೆ, ಆದರೆ ಬೆಂಕಿ ಹಿಡಿಯುವಂಥದ್ದು. ಆ ಕೆಲಸ ತಿಳಿದವರದು.

ಕಾನೂನು ಏನು ಹೇಳುತ್ತದೆ

2021ರ ಮಾರ್ಚ್ 1ರಿಂದ ಯೂರೋಪಿಯನ್ ಒಕ್ಕೂಟದಲ್ಲಿ ಒಂದು ಹೊಸ ನಿಯಮ ಜಾರಿಯಲ್ಲಿದೆ. ಸಂಖ್ಯೆ 2019/2019. ಐರ್ಲೆಂಡಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಫ್ರಿಜ್ ಮಾದರಿಯೊಂದರ ಕೊನೆಯ ತುಂಡು ಮಾರುಕಟ್ಟೆಗೆ ಬಂದ ಮೇಲೂ ಬಿಡಿಭಾಗಗಳನ್ನು ಕಂಪನಿ ಒದಗಿಸುತ್ತಿರಬೇಕು. ಥರ್ಮೊಸ್ಟಾಟ್, ಸರ್ಕ್ಯೂಟ್ ಬೋರ್ಡ್‌ಗಳು 7 ವರ್ಷ, ಅದೂ ರಿಪೇರಿ ವೃತ್ತಿಯವರಿಗೆ. ಹಿಡಿ, ಕೀಲು, ಟ್ರೇಗಳು 7 ವರ್ಷ, ನಮ್ಮಂಥ ಬಳಕೆದಾರರಿಗೂ. ಬಾಗಿಲಿನ ರಬ್ಬರು ಮಾತ್ರ 10 ವರ್ಷ, ಬಳಕೆದಾರರಿಗೂ. ಆರ್ಡರ್ ಮಾಡಿದ 15 ಕೆಲಸದ ದಿನಗಳೊಳಗೆ ತಲುಪಬೇಕು. ಸಾಮಾನ್ಯ ಸಲಕರಣೆಗಳಿಂದಲೇ, ಫ್ರಿಜ್‌ಗೆ ಹಾನಿಯಾಗದಂತೆ ಬದಲಾಯಿಸಲು ಬರಬೇಕು.

ಯೋಚಿಸಿ ನೋಡಿ, ಅಷ್ಟೆಲ್ಲ ಭಾಗಗಳಲ್ಲಿ ಅತಿ ಹೆಚ್ಚು ವರ್ಷ ಸಿಕ್ಕಿರುವುದು ಈ ರಬ್ಬರಿಗೇ. ಅದು ಸವೆಯುವುದು ಖಚಿತ, ಬದಲಾಯಿಸುವುದು ಸುಲಭ, ಅದೊಂದಕ್ಕಾಗಿ ಇಡೀ ಫ್ರಿಜ್ಜನ್ನು ಎಸೆಯುವುದು ಅನ್ಯಾಯ. ಹಾಗಾಗಿ "ಇದರ ಪಾರ್ಟ್ಸ್ ಈಗ ಬರಲ್ಲ, ಹೊಸದೇ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ, ಮಾದರಿ ಯಾವ ವರ್ಷದ್ದು ಅಂತ ನೋಡಿ, ನಿಯಮದ ಸಂಖ್ಯೆ ಹೇಳಿ ಕೇಳಬಹುದು. 2024ರಲ್ಲಿ ಅಂಗೀಕಾರವಾದ ರಿಪೇರಿ ಹಕ್ಕಿನ ಯೂರೋಪಿಯನ್ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗ್ಯಾರಂಟಿ ಮುಗಿದ ಮೇಲೂ ಫ್ರಿಜ್‌ನಂಥ ವಸ್ತುಗಳನ್ನು ನ್ಯಾಯವಾದ ಬೆಲೆಗೆ ರಿಪೇರಿ ಮಾಡಿಕೊಡುವ ಹೊಣೆ ತಯಾರಕರ ಮೇಲೆ ಬೀಳುತ್ತದೆ. ಸದಸ್ಯ ದೇಶಗಳು ಅದನ್ನು ಜಾರಿ ಮಾಡಬೇಕಾದ ದಿನ 2026ರ ಜುಲೈ 31.

ಬಾಡಿಗೆ ಮನೆಯಲ್ಲಿರುವವರಿಗೆ ಇನ್ನೊಂದು ಮಾತು. ಹೊಸದಾಗಿ ಬಂದ ನಮ್ಮ ಜನರಲ್ಲಿ ಹೆಚ್ಚಿನವರು ಮೊದಲು ಬಾಡಿಗೆಗೇ ಇರುತ್ತಾರೆ, ಮನೆ ಮಾಲೀಕರಿಗೆ ಹೇಳಲು ಸಂಕೋಚಪಡುತ್ತಾರೆ. ಮನೆ ಸಿಗುವುದೇ ಕಷ್ಟ, ಯಾಕೆ ಸುಮ್ಮನೆ ತಕರಾರು ಅಂತ. ಆದರೆ ಐರ್ಲೆಂಡಿನ 2019ರ ಬಾಡಿಗೆ ಮನೆ ಗುಣಮಟ್ಟದ ನಿಯಮಗಳ ಪ್ರಕಾರ ಖಾಸಗಿ ಬಾಡಿಗೆ ಮನೆಯಲ್ಲಿ ಫ್ರಿಜ್, ಫ್ರೀಜರ್ ಒದಗಿಸುವುದು, ಅವು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಮಾಲೀಕರ ಜವಾಬ್ದಾರಿ. ಅದು ಉಪಕಾರವಲ್ಲ. ನೀವೇ ಬದಲಾಯಿಸುವುದಾದರೂ ಮೊದಲು ಇಮೇಲ್‌ನಲ್ಲಿ ಒಂದು ಮಾತು ತಿಳಿಸಿ, ಫೋಟೊ ಹಾಕಿ, ರಬ್ಬರಿನ ಖರ್ಚನ್ನು ಯಾರು ಕೊಡುತ್ತಾರೆ ಅಂತ ಕೇಳಿ.

ಯಾವುದೂ ಆಗದೆ ಫ್ರಿಜ್ಜನ್ನು ಬಿಡಲೇಬೇಕಾದರೆ, ಬೀದಿಯಲ್ಲೋ ಹಿತ್ತಲಲ್ಲೋ ಇಡಬೇಡಿ. 2005ರ ಆಗಸ್ಟ್ 13ರಿಂದ ಇಲ್ಲಿ, ಹೊಸದು ಕೊಂಡಾಗ ಅಂಥದ್ದೇ ಹಳೆಯದನ್ನು ಅಂಗಡಿಯವರು ಉಚಿತವಾಗಿ ವಾಪಸ್ ತೆಗೆದುಕೊಳ್ಳಬೇಕು. ಕೌಂಟಿಯ ಮರುಬಳಕೆ ಕೇಂದ್ರಗಳೂ ಇವೆ. ಒಯ್ಯುವ ತನಕ ಕೆಲವು ದಿನ ಹಿತ್ತಲಲ್ಲಿ ಇರಬೇಕಾಗಿ ಬಂದರೆ, ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ, ಬಾಗಿಲನ್ನು ಮುಚ್ಚದಂತೆ ಕಟ್ಟಿಡಿ ಅಥವಾ ಕೀಲಿನಿಂದ ಬಿಚ್ಚಿಡಿ. ಊರಿನಲ್ಲಿ ಬೀಗ ಇರುವ ಹಳೆಯ ಫ್ರಿಜ್ ಮೂಲೆಗೆ ಬಿದ್ದಿದ್ದರೆ ಈ ವಾರವೇ ಫೋನ್ ಮಾಡಿ ಹೇಳಿ, ಬಾಗಿಲು ಬಿಚ್ಚಿಡಲಿ.

ಫೋನ್ ಮಾಡಿದಾಗ ಇನ್ನೊಂದು ವಿಷಯವನ್ನೂ ಕೇಳಿ. ನಿಮ್ಮ ಮನೆಗೆ ಫ್ರಿಜ್ ಬರುವ ಮೊದಲು ಹಾಲು, ಬೆಣ್ಣೆ, ಮೊಸರು ಎಲ್ಲಿ ಇಡುತ್ತಿದ್ದರು? ನೆಲುವು ಇತ್ತಾ? ಹಗೇವು ನೋಡಿದವರು ಯಾರಾದರೂ ಇದ್ದಾರಾ? ಬಾಯಿ ಮುಚ್ಚಲು ಏನು ಬಳಸುತ್ತಿದ್ದರು? ಒಂದೊಂದು ಸೀಮೆಯಲ್ಲಿ ಒಂದೊಂದು ಪದ ಇರುತ್ತದೆ. ಆ ಪದಗಳನ್ನು ಬರೆದಿಟ್ಟುಕೊಳ್ಳಿ. ಅವಕ್ಕೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.